ನಮ್ಮ ಟವೆಲ್, ನಮ್ಮ ಬಕೆಟ್

‘ನಮ್ಮ’ ಎನ್ನುವ ಪದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಈ ಊರಿನಲ್ಲಿ ಅದರಿಂದ ತಪ್ಪಿಸಿಕೊಂಡು ಓಡಾಡುವುದಾದರೂ ಹೇಗೆ? ಹೋಟೆಲಿನ ಬೋರ್ಡಿನಲ್ಲಿ ನಮ್ಮ, ಆಟೋದ ಬೆನ್ನ ಮೇಲೆ ನಮ್ಮ, ಚುನಾವಣೆ ಬಂದರೆ ಗೋಡೆ ಗೋಡೆಗೂ ನಮ್ಮ. ಜನ ಪ್ರೀತಿಯಿಂದಲೇ ಬರೆಸಿರುತ್ತಾರೆ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಪದವನ್ನು ನನಗೆ ಎರಡು ವರ್ಷ ಗಿಣಿಪಾಠ ಮಾಡಿಸಿದ್ದಾರೆ. ಪಾಠ ಮಾಡಿಸಿದವರೇ ಅದರ ಹಿಂದೆ ಅಡಗಿ ಕೂತದ್ದನ್ನೂ ನಾನು ನೋಡಿದ್ದೇನೆ.

ನಾನು ಕಥೋಲಿಕ ಸಿಸ್ಟರ್. ಬಸವನಗುಡಿ ಕಡೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸಿಸ್ಟರ್ ಎಂದರೆ ಮೆತ್ತಗೆ ಮಾತಾಡುವವರು, ತಲೆ ತಗ್ಗಿಸಿ ನಗುವವರು ಎಂದುಕೊಂಡು ಬರುವ ಪೋಷಕರು ನನ್ನ ತರಗತಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಅಭಿಪ್ರಾಯ ಬದಲಾಯಿಸಿಕೊಂಡು ಹೋಗುತ್ತಾರೆ. ಕೋಪ ನನಗೆ ಹುಟ್ಟುಗುಣ. ತರಬೇತಿಯ ದಿನಗಳಲ್ಲಿ ಅದನ್ನು ಬಿಡಿಸಲು ತುಂಬ ಕಷ್ಟಪಟ್ಟರು. ಅವರಿಂದ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮಾವಳ್ಳಿಯಲ್ಲಿ, ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅಪ್ಪ ನಗರ್ತಪೇಟೆಯ ಒಂದು ಮದುವೆ ಕಾರ್ಡಿನ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ನಾನು ಒಬ್ಬಳೇ ಮಗಳು. ಬಿ.ಎಸ್ಸಿ. ಮುಗಿಸಿ ಸಿಸ್ಟರ್ ಆಗುತ್ತೇನೆ ಎಂದಾಗ ಅಮ್ಮ ಎರಡು ದಿನ ಮಷೀನು ಮುಟ್ಟಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಆಮೇಲೆ ತಾನಾಗಿಯೇ ನನಗೆ ಬೇಕಾಗುವ ಬಿಳಿ ಲಂಗಗಳನ್ನು ಕತ್ತರಿಸಲು ಕೂತಳು. “ಚಾಮರಾಜಪೇಟೆ ತಾನೆ, ಕೂಗಿದ್ರೆ ಕೇಳ್ಸೋ ಅಷ್ಟು ದೂರ” ಎಂದು ಯಾರಿಗೂ ಅಲ್ಲದೆ ಗೋಡೆಗೆ ಹೇಳಿದಳು.

ಚಾಮರಾಜಪೇಟೆಯಲ್ಲಿದ್ದದ್ದು ನಮ್ಮ ತರಬೇತಿಯ ಮನೆ. ನೋಡಿ, ಬರೆಯುವಾಗಲೂ ಬಂದೇಬಿಟ್ಟಿತು. ಹಳೆಯ ಕಾಲದ ಎತ್ತರದ ಛಾವಣಿಯ ಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಮರ, ಮುಂದೆ ಸದಾ ಒಳಗಿನಿಂದ ಬೀಗ ಹಾಕಿರುತ್ತಿದ್ದ ಗೇಟು. ನಾವು ಆರು ಜನ ಹುಡುಗಿಯರು. ವ್ರತ ತೆಗೆದುಕೊಂಡು ಸಿಸ್ಟರ್ ಆಗುವ ಮುಂಚೆ ಎರಡು ವರ್ಷ ಅಲ್ಲಿ ಇರಬೇಕು. ನಮ್ಮನ್ನು ತಿದ್ದುವ ಹೊಣೆ ಹೊತ್ತ ಹಿರಿಯ ಸಿಸ್ಟರ್ ಒಬ್ಬರಿದ್ದರು, ಕರಾವಳಿಯ ಕಡೆಯವರು. ಅವರನ್ನು ಎಲ್ಲರೂ ಮಿಸ್ಟ್ರೆಸ್ ಎನ್ನುತ್ತಿದ್ದೆವು, ಎದುರಿಗೆ ಮಾತ್ರ ಸಿಸ್ಟರ್. ಅವರ ಕನ್ನಡ ಪುಸ್ತಕದ ಹಾಗಿತ್ತು. ನಾವು ‘ಬಂದ್ಬಿಡ್ತೀನಿ’ ಎಂದರೆ ಅದನ್ನು ‘ಬಂದುಬಿಡುತ್ತೇನೆ’ ಎಂದು ನೆಟ್ಟಗೆ ಮಾಡುವವರೆಗೂ ಬಿಡುತ್ತಿರಲಿಲ್ಲ.

ಮೊದಲ ದಿನವೇ ಅವರು ಹೇಳಿಕೊಟ್ಟ ನಿಯಮ ಇದು: ಈ ಮನೆಯಲ್ಲಿ ‘ನನ್ನ’ ಎನ್ನುವ ಪದವಿಲ್ಲ. ಬಡತನದ ವ್ರತ ನಾಲಿಗೆಯಿಂದ ಶುರುವಾಗಬೇಕು. ಟವೆಲ್ ನಮ್ಮದು, ಬಕೆಟ್ ನಮ್ಮದು, ಚಪ್ಪಲಿ ನಮ್ಮದು. ಬಾಯಿ ತಪ್ಪಿ ‘ನನ್ನ ಬಾಚಣಿಗೆ’ ಎಂದವರು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಮಂಡಿಯೂರಿ ಕ್ಷಮೆ ಕೇಳಬೇಕು. ನಾನು ಎಷ್ಟು ಸಲ ಮಂಡಿಯೂರಿದೆನೆಂದರೆ, ಊಟಕ್ಕೆ ಕೂರುವ ಮುಂಚೆ ಉಳಿದವರು ನನ್ನತ್ತ ನೋಡಿ, ಇವತ್ತು ಇದೆಯಾ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದರು.

ನಮ್ಮಲ್ಲಿ ಜಾರ್ಖಂಡಿನ ಒಬ್ಬಳಿದ್ದಳು. ಅವಳು ಕನ್ನಡ ಕಲಿತದ್ದೇ ಈ ಮನೆಯಲ್ಲಿ. ಹಾಗಾಗಿ ಕನ್ನಡದಲ್ಲಿ ‘ನನ್ನ’ ಎನ್ನುವ ಪದವೊಂದಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ಹಲ್ಲುನೋವೆಂದು ಹತ್ತಿರದ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಏನಾಗಿದೆ ಎಂದು ಕೇಳಿದರು. ಅವಳು ಕೆನ್ನೆ ಹಿಡಿದುಕೊಂಡು, “ನಮ್ಮ ಹಲ್ಲು ನೋವು” ಎಂದಳು. ಡಾಕ್ಟರು ನನ್ನ ಕಡೆ ತಿರುಗಿ, “ನಿಮ್ಗೂನಾ?” ಎಂದರು. ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅವಳು ಒಂದೇ ಕೆನ್ನೆಯಲ್ಲಿ ನಕ್ಕಳು. ಮನೆಗೆ ಬಂದು ಹೇಳಿದರೆ ಮಿಸ್ಟ್ರೆಸ್ ನಗಲಿಲ್ಲ. ಅವಳೊಬ್ಬಳೇ ನಿಯಮವನ್ನು ಸರಿಯಾಗಿ ಕಲಿತಿದ್ದಾಳೆ ಎಂದರು.

ನನಗೆ ಆ ಜೀವನ ಇಷ್ಟವಾಗಿತ್ತು ಎಂಬುದನ್ನು ಇಲ್ಲಿ ಹೇಳದೇ ಹೋದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಳಕು ಹರಿಯುವ ಮುಂಚೆ ಗಂಟೆ, ಚಾಪೆಲ್ಲಿನಲ್ಲಿ ಪ್ರಾರ್ಥನೆ, ಪೂಜೆ, ಆಮೇಲೆ ಕಸ ಗುಡಿಸುವುದು, ಅಡುಗೆ, ಬೈಬಲ್ ಪಾಠ, ಸಂಜೆ ಬಡಾವಣೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು. ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಾ ಆರೂ ಜನ ಕೀರ್ತನೆ ಹಾಡುತ್ತಿದ್ದೆವು. ಕಾಲೇಜಿನಲ್ಲಿದ್ದಾಗ ನನ್ನ ತಲೆಯೊಳಗೆ ಸದಾ ಒಂದು ಗದ್ದಲವಿರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಅದು ನಿಂತಿತ್ತು. ವ್ರತ ತೆಗೆದುಕೊಳ್ಳಬೇಕೆಂಬ ಆಸೆಯ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ನಿಯಮಗಳು ಬಿಗಿಯಾಗಿದ್ದವು. ಮನೆಯವರು ತಿಂಗಳಿಗೊಮ್ಮೆ ಬರಬಹುದು, ನಾವು ಮನೆಗೆ ಹೋಗುವಂತಿಲ್ಲ, ಮೊಬೈಲು ಬಂದ ದಿನವೇ ಒಪ್ಪಿಸಿಯಾಗಿತ್ತು. ಎಲ್ಲವನ್ನೂ ಒಪ್ಪಿಕೊಂಡೇ ಒಳಗೆ ಹೋಗಿದ್ದೆ.

ಎರಡನೆಯ ವರ್ಷದ ಕೊನೆಗೆ, ವ್ರತಕ್ಕೆ ತಿಂಗಳೊಪ್ಪತ್ತು ಇರುವಾಗ, ಎಂಟು ದಿನದ ಮೌನಧ್ಯಾನ. ಯಾರೂ ಯಾರೊಂದಿಗೂ ಮಾತಾಡುವಂತಿಲ್ಲ, ಮುಖ ಕೂಡ ನೋಡುವಂತಿಲ್ಲ. ಹೊರಗಿನ ಯೋಚನೆ ಬಂದರೆ ಅದನ್ನು ನೊಣದ ಹಾಗೆ ಓಡಿಸಬೇಕು ಎಂದು ಮಿಸ್ಟ್ರೆಸ್ ಹೇಳಿಕೊಟ್ಟಿದ್ದರು. ಶುರುವಾಗಿ ಎರಡು ಮೂರು ದಿನವಾಗಿರಬೇಕು. ಬೆಳಿಗ್ಗೆ ಚಾಪೆಲ್ಲಿನಲ್ಲಿ ಕೂತಿದ್ದಾಗ ಗೇಟಿನ ಹೊರಗೆ ಯಾರೋ ಸ್ಕೂಟರ್ ಕಿಕ್ ಹೊಡೆದ ಸದ್ದು ಕೇಳಿತು. ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದರು, ಮತ್ತೆ ಕೆಮ್ಮಿ ನಿಂತಿತು. ಅದು ಅಪ್ಪನ ಸ್ಕೂಟರ್ ಎಂದು ನನ್ನ ಮೈಗೆಲ್ಲ ಗೊತ್ತಾಯಿತು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿ, ಆ ಯೋಚನೆಯನ್ನು ನೊಣದ ಹಾಗೆ ಓಡಿಸಿದೆ. ಅಷ್ಟು ಚೆನ್ನಾಗಿ ಪಳಗಿಸಿದ್ದರು ನನ್ನನ್ನು.

ಮೌನ ಮುಗಿದ ದಿನ ಮಧ್ಯಾಹ್ನ ಪಾಯಸ ಮಾಡಿದ್ದೆವು. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟು ಊಟದ ಕೋಣೆ ಸಂತೆಯಾಗಿತ್ತು. ಊಟವಾದ ಮೇಲೆ ಮಿಸ್ಟ್ರೆಸ್ ನನ್ನನ್ನು ತಮ್ಮ ಕೋಣೆಗೆ ಕರೆದು, ಹವಾಮಾನ ಹೇಳುವ ದನಿಯಲ್ಲಿ ವಿಷಯ ತಿಳಿಸಿದರು. ಅಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಕ್ಯಾನ್ಸರ್ ಇರಬಹುದೆಂದು ಹೆದರಿ ತಕ್ಷಣ ಆಪರೇಷನ್ ಮಾಡಿದ್ದರು. ಅದಲ್ಲವೆಂದು ಗೊತ್ತಾಗಿದೆ, ಅಮ್ಮ ಮನೆಗೂ ಬಂದಿದ್ದಾಳೆ. ಆಪರೇಷನ್ನಿನ ಹಿಂದಿನ ದಿನ ಅಪ್ಪ ಗೇಟಿಗೆ ಬಂದು, ಮಗಳನ್ನು ಒಂದು ಗಂಟೆ ಕಳಿಸಿಕೊಡಿ ಎಂದು ಕೇಳಿದ್ದರು.

“ನಿನ್ನ ಮನಸ್ಸು ಚದುರಬಾರದು ಎಂದು ನಾವು ತಿಳಿಸಲಿಲ್ಲ,” ಎಂದರು ಮಿಸ್ಟ್ರೆಸ್. “ಈಗ ನೋಡು, ನಿಮ್ಮಮ್ಮನಿಗೆ ಎಲ್ಲ ಒಳ್ಳೆಯದೇ ಆಯಿತಲ್ಲ.”

ನಾನು ಥ್ಯಾಂಕ್ಸ್ ಹೇಳುತ್ತೇನೆಂದು ಅವರು ಕಾಯುತ್ತಿದ್ದರು. ಆಣೆ ಮಾಡಿ ಹೇಳುತ್ತೇನೆ, ಕಾಯುತ್ತಿದ್ದರು.

ನಮ್ಮ ಕಡೆ ಯಾರೂ ‘ನನ್ನ ಅಮ್ಮ’ ಎನ್ನುವುದಿಲ್ಲ. ಹುಟ್ಟಿದಾಗಿನಿಂದ ಅದು ನಮ್ಮಮ್ಮ, ನಮ್ಮಪ್ಪ, ನಮ್ಮನೆ. ಯಾವ ಕಾನ್ವೆಂಟೂ ಕಲಿಸಬೇಕಿಲ್ಲ. ಆ ಮನೆಯಲ್ಲಿ ನಾನು ತಪ್ಪಿಲ್ಲದೆ ‘ನಮ್ಮ’ ಎನ್ನುತ್ತಿದ್ದದ್ದು ಅಮ್ಮನ ವಿಷಯದಲ್ಲಿ ಮಾತ್ರ. “ಟವೆಲ್ ನಮ್ಮದು, ಬಕೆಟ್ ನಮ್ಮದು,” ಎಂದೆ. “ಅಮ್ಮ ಮಾತ್ರ ‘ನಿಮ್ಮಮ್ಮ’ನಾ ಸಿಸ್ಟರ್?” ಅವರ ಮುಖ ಕೆಂಪಾಯಿತು. ಚಾಪೆಲ್ಲಿಗೆ ಹೋಗಿ ಮನಸ್ಸು ಶಾಂತ ಮಾಡಿಕೊಂಡು ಬಾ ಎಂದರು. ಹೋದೆ. ಶಾಂತವಾಗಲಿಲ್ಲ. ಎದುರಿನ ಗೋಡೆಯ ಶಿಲುಬೆಯ ಮೇಲಿನ ಪ್ರಭುವನ್ನು ನೋಡುತ್ತಾ, ನೀನು ಸಾಯುವಾಗ ನಿನ್ನ ತಾಯಿಯನ್ನು ಹತ್ತಿರ ನಿಲ್ಲುವುದಕ್ಕೆ ಬಿಟ್ಟಿದ್ದರಲ್ಲ ಎಂದು ಅವನ ಮೇಲೂ ರೇಗಿದೆ.

ಮಾರನೆಯ ದಿನ ಒಂದು ಮಧ್ಯಾಹ್ನದ ಮಟ್ಟಿಗೆ ಮನೆಗೆ ಹೋಗಲು ಅಪ್ಪಣೆ ಸಿಕ್ಕಿತು. ಮಾವಳ್ಳಿಯ ಮೆಟ್ಟಿಲು ಹತ್ತುವಾಗಲೇ ಮಷೀನಿನ ಸದ್ದಿಲ್ಲದ್ದು ಗೊತ್ತಾಯಿತು. ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿದ್ದಳು, ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ ಹೊದಿಕೆ ಸರಿಮಾಡಿಕೊಂಡಳು.

“ಬನ್ನಿ ಸಿಸ್ಟರ್,” ಎಂದಳು. “ಕೂತ್ಕೊಳ್ಳಿ.”

ನಾನಿನ್ನೂ ಸಿಸ್ಟರ್ ಆಗಿರಲಿಲ್ಲ. ಆಗಿದ್ದರೂ ಅಮ್ಮ ನನ್ನನ್ನು ಕಣೇ, ಏನೇ ಎಂದಲ್ಲದೆ ಕರೆದವಳಲ್ಲ. ಮಗಳು ಸಿಸ್ಟರಾದರೆ ಬಹುವಚನ ಕೊಡುವ ತಾಯಂದಿರು ನಮ್ಮ ಜನರಲ್ಲಿದ್ದಾರೆ, ಅವರು ಹೆಮ್ಮೆಯಿಂದ ಕೊಡುತ್ತಾರೆ. ಅಮ್ಮ ಕೊಟ್ಟದ್ದು ಆ ಬಹುವಚನವಲ್ಲ. ಬ್ಲೌಸಿನ ಅಳತೆ ಸರಿಯಿಲ್ಲವೆಂದು ಜಗಳಕ್ಕೆ ಬಂದ ಗಿರಾಕಿಗೆ ಕೊಡುವ ಬಹುವಚನ. ನನಗೆ ಗೊತ್ತೇ ಇರಲಿಲ್ಲ, ಯಾರೂ ಹೇಳಲಿಲ್ಲ ಎಂದು ಅವಳ ಕಾಲಿನ ಹತ್ತಿರ ಕೂತು ಹೇಳಿದೆ. ಅಮ್ಮ ಕಿಟಕಿಯ ಕಡೆ ನೋಡಿದಳು. ಅಪ್ಪನಿಗೆ ಮಿಸ್ಟ್ರೆಸ್ ಹೇಳಿ ಕಳಿಸಿದ್ದ ಮಾತು, ‘ಸಮಯ ನೋಡಿ ತಿಳಿಸುತ್ತೇವೆ’. ಕಾನ್ವೆಂಟಿನ ಕನ್ನಡದಲ್ಲಿ ಅದರ ಅರ್ಥ ತಿಳಿಸುವುದಿಲ್ಲ ಎಂದು. ಅಪ್ಪನ ಕನ್ನಡದಲ್ಲಿ ಅದರ ಅರ್ಥ ತಿಳಿಸುತ್ತಾರೆ ಎಂದು.

“ತಿಳಿಸ್ತೀವಿ ಅಂದಿದ್ರಂತೆ ಅವ್ರು,” ಎಂದಳು ಅಮ್ಮ. “ಅಷ್ಟು ದೊಡ್ಡ ಸಿಸ್ಟರ್ ಸುಳ್ಳು ಹೇಳ್ತಾರಾ? ನಿಮ್ಗೆ ಪ್ರಾರ್ಥನೆ ಇತ್ತು. ಬಿಡಿ, ಪರ್ವಾಗಿಲ್ಲ.”

ಅಪ್ಪ ನನ್ನನ್ನು ಕೆಳಗೆ ಬಿಡಲು ಬಂದರು. ಮೆಟ್ಟಿಲಿನ ತಿರುವಿನಲ್ಲಿ ನಿಂತು, ನನ್ನ ಮುಖ ನೋಡದೆ, “ಆಪರೇಷನ್ ಥಿಯೇಟರ್‌ಗೆ ಕರ್ಕೊಂಡ್ ಹೋಗೋಕ್ ಬಂದ್ರೆ, ಸ್ವಲ್ಪ ಇರಿ, ನಮ್ಮ ಮಗಳು ಬರ್ತಾಳೆ ಅಂದ್ಲು ಕಣಮ್ಮ,” ಎಂದರು. “ನರ್ಸು ಹೋಗಿ ಮತ್ತೆ ಬಂದ್ರು. ಆಗ್ಲೂ ಅದೇ ಅಂದ್ಲು.”

ಚಾಮರಾಜಪೇಟೆಗೆ ವಾಪಸು ನಡೆದುಕೊಂಡೇ ಬಂದೆ. ದಾರಿ ನೆನಪಿಲ್ಲ. ಅಮ್ಮ ಸಾಯಲಿಲ್ಲ, ಅದಕ್ಕೆ ದೇವರಿಗೆ ಕೃತಜ್ಞಳು. ಆದರೆ ಸಾಯಬಹುದು ಎಂದುಕೊಂಡು ಒಳಗೆ ಹೋದವಳು, ಗೊತ್ತಿದ್ದೂ ಮಗಳು ಬರಲಿಲ್ಲ ಎಂದುಕೊಂಡೇ ಹೋಗಿದ್ದಳು. ಆಗಲೂ ಹಾಗೆಯೇ ಅಂದುಕೊಂಡಿದ್ದಳು, ಇನ್ನು ಬದುಕಿರುವವರೆಗೂ ಅಂದುಕೊಳ್ಳುತ್ತಾಳೆ ಎನಿಸಿತು. ನಾನು ಎಷ್ಟು ಹೇಳಿದರೂ ಅವಳಿಗೆ ಅದು ತಪ್ಪಿಸಿಕೊಳ್ಳುವ ಮಾತು. ಯಾರ ಮಾತನ್ನು ಅವಳು ನಂಬುತ್ತಾಳೋ ಅವರೇ ಬಂದು ಹೇಳಬೇಕಿತ್ತು.

ಆ ಸಂಜೆಯೇ ಮಿಸ್ಟ್ರೆಸ್ ಹತ್ತಿರ ಹೋಗಿ ಕೇಳಿದೆ, ನಮ್ಮನೆಗೆ ಬಂದು ಅಮ್ಮನಿಗೆ ನಿಜ ಹೇಳಿ ಎಂದು. ಅವರು ಸಮಾಧಾನವಾಗಿ ಉಪದೇಶ ಮಾಡಿದರು. ತಪ್ಪಾಗಿ ತಿಳಿಯಲ್ಪಡುವುದೂ ಒಂದು ವರ, ಅದನ್ನು ಪ್ರಭುವಿಗೆ ಒಪ್ಪಿಸು, ವ್ರತಕ್ಕೆ ಮುಂಚೆ ಇಂಥ ಪರೀಕ್ಷೆಗಳು ಬರುತ್ತವೆ. ನನ್ನ ವರ ಸರಿ, ಅಮ್ಮನಿಗೆ ಯಾಕೆ ಈ ವರ ಎಂದು ಕೇಳಿದೆ. ಅದಕ್ಕೆ ಅವರು ನನ್ನ ಅಹಂಕಾರದ ಬಗ್ಗೆ ಹೇಳಿದರು.

ಮುಂದಿನ ದಿನಗಳಲ್ಲಿ ನಾನು ಮುಟ್ಟಿದ್ದೆಲ್ಲ ಸದ್ದು ಮಾಡುತ್ತಿತ್ತು. ಪಾತ್ರೆ ಇಟ್ಟರೆ ದಡಾರ್, ಬಾಗಿಲು ಹಾಕಿದರೆ ಢಮಾರ್. ಚಪಾತಿ ಹಿಟ್ಟನ್ನು ನಾನು ನಾದಿದ ರೀತಿ ನೋಡಿ ಜಾರ್ಖಂಡಿನವಳು ಕೈಯಿಂದ ಕಿತ್ತುಕೊಂಡಳು. ಪ್ರಾರ್ಥನೆಗೆ ಕೂತರೆ ‘ಸ್ವಲ್ಪ ಇರಿ’ ಎಂಬ ಅಮ್ಮನ ದನಿಯೇ ಕೇಳುತ್ತಿತ್ತು. ಕೋಪ ಪಾಪವೆಂದು ನಮಗೆ ಕಲಿಸಿದ್ದರು. ನನ್ನ ಈ ಕೋಪದಲ್ಲಿ ಪಾಪ ಎಲ್ಲಿದೆಯೆಂದು ನಾನು ಪ್ರಾಮಾಣಿಕವಾಗಿ ಹುಡುಕಿದೆ, ಸಿಗಲಿಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ, ಯಾರೂ ಹೇಳಿಕೊಡದೆ, ನಾನೇ ಒಂದು ತೀರ್ಮಾನ ಮಾಡಿದೆ.

ವ್ರತದ ಸೀರೆ ಅಳತೆ ನೋಡಲು ಮಿಸ್ಟ್ರೆಸ್ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ನನ್ನ ಸರದಿ ಬಂದಾಗ ಮಡಿಸಿದ ಸೀರೆಯನ್ನು ಮುಟ್ಟದೆ ಹೇಳಿದೆ: “ನೀವು ನಮ್ಮಮ್ಮನ ಹತ್ರ ಬಂದು ಹೇಳೋವರ್ಗೂ ನಾನು ವ್ರತ ತಗೊಳಲ್ಲ ಸಿಸ್ಟರ್. ಮನೆಗ್ ಕಳಿಸಿದ್ರೆ ಹೋಗ್ತೀನಿ.”

“ಇದು ಬೆದರಿಕೆಯೇ?”

“ಹೌದು ಸಿಸ್ಟರ್.”

ಆ ಸೀರೆ ನನಗೆ ಬೇಕಿತ್ತು. ಬೇರೆ ಏನನ್ನೂ ನಾನು ಅಷ್ಟು ಬಯಸಿರಲಿಲ್ಲ.

ಮಿಸ್ಟ್ರೆಸ್ ಸೀರೆಯ ಅಂಚನ್ನು ಸವರಿದರು. ಆಮೇಲೆ ಹೇಳಿದರು: “ನಮ್ಮ ತಾಯಿ ತೀರಿಕೊಂಡದ್ದು ನಮಗೆ ತಿಳಿದದ್ದು ಮಣ್ಣು ಮಾಡಿದ ಮೇಲೆ. ನಾವು ಗಲಾಟೆ ಮಾಡಲಿಲ್ಲ.”

ಸತ್ತದ್ದು ಅವರೊಬ್ಬರ ತಾಯಿ. ಆಗಲೂ ‘ನಾವು’, ‘ನಮಗೆ’. ನನಗೆ ಕರುಣೆ ಬರಬೇಕಿತ್ತು, ಬಂದದ್ದು ಇನ್ನೂ ಹೆಚ್ಚು ಸಿಟ್ಟು. ಈ ಸಲ ಅವರ ಮೇಲಲ್ಲ, ಅವರಿಗೆ ಹಾಗೆ ಮಾಡಿದವರ ಮೇಲೆ, ಅದನ್ನು ನುಂಗಿಕೊಂಡು ನನಗೂ ಅದನ್ನೇ ಬಡಿಸಿದ ಆ ಬುದ್ಧಿಯ ಮೇಲೆ.

“ಮಾಡ್ಬೇಕಿತ್ತು ಸಿಸ್ಟರ್,” ಎಂದೆ.

ಅವರು ನನ್ನನ್ನು ಹೊರಗೆ ಕಳಿಸಿದರು. ರಾತ್ರಿ ನನ್ನ ಟ್ರಂಕಿಗೆ ಬಟ್ಟೆ ತುಂಬಿಟ್ಟೆ, ಬೆಳಿಗ್ಗೆ ಹೊರಡು ಎನ್ನುತ್ತಾರೆಂದೇ ಅಂದುಕೊಂಡಿದ್ದೆ. ಬೆಳಿಗ್ಗೆ ಕಾಫಿಯಾದ ಮೇಲೆ ಮಿಸ್ಟ್ರೆಸ್ ಕೊಡೆ ಹಿಡಿದುಕೊಂಡು ಗೇಟಿನ ಬಳಿ ನಿಂತು, ಬೀಗ ತೆಗೆಯಲು ಹೇಳಿದರು. ಇಬ್ಬರೂ ಆಟೋದಲ್ಲಿ ಮಾವಳ್ಳಿಗೆ ಹೋದೆವು. ಕಿರಿದಾದ ಮೆಟ್ಟಿಲನ್ನು ಅವರು ಮಂಡಿಯ ಮೇಲೆ ಕೈಯೂರಿ ಹತ್ತಿದರು.

ಅಮ್ಮನಿಗೆ ಗಾಬರಿ. ಏಳಲು ಹೋದಳು, ಮಿಸ್ಟ್ರೆಸ್ ಕೈ ಸನ್ನೆಯಲ್ಲೇ ಕೂರಿಸಿದರು. ಅಪ್ಪ ಮಷೀನಿನ ಸ್ಟೂಲನ್ನು ಒರೆಸಿ ಅವರಿಗೆ ಕೊಟ್ಟು ಬಾಗಿಲಲ್ಲಿ ನಿಂತರು. ನಾನು ಗೋಡೆಗೆ ಒರಗಿ ನಿಂತೆ. ಆರೋಗ್ಯ ವಿಚಾರಿಸಿದರು, ಔಷಧಿ ವಿಚಾರಿಸಿದರು, ಹೊಲಿಗೆ ಹಾಕಿದ ಜಾಗ ನೋವಿದೆಯೇ ಎಂದು ಕೇಳಿದರು. ಕೇಳುವುದೆಲ್ಲ ಮುಗಿದ ಮೇಲೆ ಮಡಿಲಲ್ಲಿ ಕೈ ಜೋಡಿಸಿಕೊಂಡು ಹೇಳಿದರು:

“ಅವತ್ತು ನಮ್ಮಿಂದ ಒಂದು ತಪ್ಪಾಯಿತು.”

ಅಮ್ಮ ತಲೆಯಾಡಿಸಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಅರ್ಥವಾಯಿತು. ‘ನಮ್ಮಿಂದ’ ಎಂದರೆ ಅದರಲ್ಲಿ ನಾನೂ ಇದ್ದೆ. ನಾನೂ ಅವರೂ ಸೇರಿ ಮಾಡಿದ ತಪ್ಪು, ಈಗ ಇಬ್ಬರೂ ಸೇರಿ ಒಪ್ಪಿಸಲು ಬಂದಿದ್ದೇವೆ. ಟವೆಲ್ಲಿನ ಹಾಗೆ, ಬಕೆಟ್ಟಿನ ಹಾಗೆ, ಅವರ ತಪ್ಪಿನಲ್ಲೂ ನನಗೊಂದು ಪಾಲು ಕೊಟ್ಟುಬಿಟ್ಟಿದ್ದರು.

“ನಮ್ಮಿಂದ ಅಲ್ಲ ಸಿಸ್ಟರ್,” ಎಂದೆ.

ಅಪ್ಪ ಬಾಗಿಲಲ್ಲಿ ಕೆಮ್ಮಿದರು, ಸುಮ್ಮನಿರು ಎನ್ನುವ ಕೆಮ್ಮು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಮಿಸ್ಟ್ರೆಸ್ ನನ್ನನ್ನು ನೋಡಿದರು. ಮಂಡಿಯೂರಿ ಕ್ಷಮೆ ಕೇಳುವಾಗ ನಾನು ಅವರನ್ನು ಹೇಗೆ ನೋಡುತ್ತಿದ್ದೆನೋ ಹಾಗೆಯೇ ನೋಡಿದರು. ಅವರ ತುಟಿ ಆ ಪದವನ್ನು ಹುಡುಕುತ್ತಿತ್ತು. ಎಷ್ಟು ವರ್ಷದಿಂದ ಅದನ್ನು ಆಡಿರಲಿಲ್ಲವೋ.

“ನನ್ನಿಂದ,” ಎಂದರು. “ನಾನು ನಿಮ್ಮ ಮಗಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಗೇಟು ಹಾರಿಯಾದರೂ ಬರುತ್ತಿದ್ದಳು.”

ಅಮ್ಮ ಹೊದಿಕೆಯ ಒಂದು ದಾರ ಎಳೆದು ಎಳೆದು ಉದ್ದ ಮಾಡಿದಳು. ಪರವಾಗಿಲ್ಲ ಎಂದು ಹೇಳುತ್ತಾಳೆಂದು ನಾವೆಲ್ಲ ಕಾದೆವು. ಹೇಳಲಿಲ್ಲ. ಅವಳು ಹೇಳದೇ ಇದ್ದದ್ದು ನನಗೆ ಖುಷಿಯಾಯಿತು, ನನ್ನ ಕೋಪ ಯಾರ ಕಡೆಯಿಂದ ಬಂದದ್ದೆಂದು ಆಗ ತಿಳಿಯಿತು. ಕೊನೆಗೆ ದಾರವನ್ನು ಕಿತ್ತು ಮಂಚದ ಪಕ್ಕಕ್ಕೆ ಹಾಕಿ, “ಕಾಫಿ ಕುಡೀತೀರಾ ಸಿಸ್ಟರ್?” ಎಂದು ಮಿಸ್ಟ್ರೆಸ್ಸನ್ನು ಕೇಳಿದಳು. ಅವರು ಆಗಲಿ ಎಂದರು.

ಆಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಅದೇ ಹಳೆಯ ಸಿಡುಕು.

“ಏನೇ, ಕಂಬದ್ ಥರ ನಿಂತಿದೀಯ? ಹೋಗಿ ಹಾಲಿಡು.”